ಕೇಳಿದವರಿಗೆಲ್ಲ ಪಾಸ್‌ವರ್ಡ್ ಕೊಟ್ಟೂ ಮನೆಯ ವೈಫೈ ಭದ್ರವಾಗಿಡುವುದು ಹೇಗೆ

ತೀರ್ಥಹಳ್ಳಿ, ಹೊಸನಗರ, ಸಾಗರದ ಎಷ್ಟೋ ಒಳಊರುಗಳಲ್ಲಿ ಮೊಬೈಲ್ ಸಿಗ್ನಲ್ ಬೇಕೆಂದರೆ ಇಂದಿಗೂ ಗುಡ್ಡ ಹತ್ತಬೇಕು. ಫೈಬರ್ ಬಂದ ಮನೆಗಳಲ್ಲಿ ಫೋನ್ ಕರೆ ಕೂಡ ವೈಫೈ ಕಾಲಿಂಗ್ ಮೇಲೆಯೇ ನಡೆಯುತ್ತದೆ. ಹಾಗಾಗಿ ಜಗಲಿಗೆ ಬಂದವರು ನೀರು ಕುಡಿದು ಮೊದಲು ಕೇಳುವುದು ಪಾಸ್‌ವರ್ಡನ್ನು. ನೆಂಟರು, ಅಡಿಕೆ ಕೊನೆ ಇಳಿಸುವ ಕೊನೆಗೌಡರು, ಪಂಪ್‌ಸೆಟ್ ರಿಪೇರಿಗೆ ಬಂದವರು, ಪಕ್ಕದ ಮನೆಯ ಹುಡುಗರು ಎಲ್ಲರೂ ಕೇಳುತ್ತಾರೆ. ಇಲ್ಲ ಎನ್ನಲು ಬಾಯಿ ಬರುವುದಿಲ್ಲ. ಅನ್ನುವುದು ಸರಿಯೂ ಅಲ್ಲ, ಮನೆಗೆ ಒಂದು ಕರೆ ಮಾಡಲು ಅವರಿಗೆ ಬೇರೆ ದಾರಿಯೇ ಇರುವುದಿಲ್ಲ.

‘ಪಾಸ್‌ವರ್ಡ್ ಯಾರಿಗೂ ಹೇಳಬೇಡಿ’ ಎಂಬ ಸಲಹೆ ಇಲ್ಲಿ ನಡೆಯದು. ಆಂಡ್ರಾಯ್ಡ್ 10ರಿಂದ ಈಚೆಗಿನ ಫೋನುಗಳಲ್ಲಿ ವೈಫೈ ಸೆಟ್ಟಿಂಗ್ ತೆರೆದು ‘ಶೇರ್’ ಒತ್ತಿದರೆ ಕ್ಯೂಆರ್ ಕೋಡ್ ಬರುತ್ತದೆ, ಎಷ್ಟೋ ಫೋನುಗಳಲ್ಲಿ ಅದರ ಕೆಳಗೆ ಪಾಸ್‌ವರ್ಡ್ ಅಕ್ಷರಗಳಲ್ಲೇ ಕಾಣುತ್ತದೆ. ಒಬ್ಬರಿಗೆ ಕೊಟ್ಟರೆ ಊರಿಗೇ ಕೊಟ್ಟ ಹಾಗೆ. ಆದ್ದರಿಂದ ಕೊಡುವುದು ಖಂಡಿತ ಎಂದುಕೊಂಡೇ ಕೆಲಸ ಶುರು ಮಾಡಬೇಕು. ಬಂದವರಿಗೆ ಒಂದು ಜಾಲ, ಮನೆಯವರಿಗೆ ಇನ್ನೊಂದು. ಬಂದವರ ಜಾಲದಿಂದ ಮನೆಯ ಜಾಲಕ್ಕೆ ದಾರಿ ಇರಕೂಡದು.

ಅಷ್ಟೆಲ್ಲ ಯಾಕೆ ಎನ್ನುವವರಿಗೆ ಎರಡು ಕಾರಣ. ಒಂದೇ ಜಾಲದಲ್ಲಿರುವ ಯಾವ ಫೋನಿಗಾದರೂ ನಿಮ್ಮ ಅಡಿಕೆ ಅಂಗಳದ ಕ್ಯಾಮೆರಾ, ಪ್ರಿಂಟರ್, ಹಂಚಿಕೊಂಡ ಫೋಲ್ಡರ್, ರೂಟರ್‌ನ ಒಳಪುಟ ಇವೆಲ್ಲ ಎದುರಿಗೇ ಇರುತ್ತವೆ. ಎರಡನೆಯದು, ನಿಮ್ಮ ಸಂಪರ್ಕದಿಂದ ಹೊರಗೆ ಹೋದದ್ದೆಲ್ಲ ನಿಮ್ಮ ಹೆಸರಿನಲ್ಲೇ ದಾಖಲಾಗುತ್ತದೆ. 2008ರ ಜುಲೈನಲ್ಲಿ ಅಹಮದಾಬಾದ್ ಸರಣಿ ಸ್ಫೋಟದ ಹೊತ್ತಿಗೆ ಮಾಧ್ಯಮಗಳಿಗೆ ಬಂದ ಇಮೇಲಿನ ಜಾಡು ನವಿ ಮುಂಬೈಯ ಒಂದು ಮನೆಯ ವೈಫೈಗೆ ಹೋಗಿ ನಿಂತಿತ್ತು. ತನಿಖೆಯವರು ಮೊದಲು ವಿಚಾರಿಸಿದ್ದು ಆ ಮನೆಯವರನ್ನೇ.

ಮೊದಲು ಡಬ್ಬಿಯ ಒಳಗೆ ಹೋಗಿ

ಫೈಬರ್ ಬಂದು ಸೇರುವ ಡಬ್ಬಿಗೆ ಓಎನ್‌ಟಿ ಎನ್ನುತ್ತಾರೆ. ಹೆಚ್ಚಿನ ಮನೆಗಳಲ್ಲಿ ವೈಫೈ ಕೊಡುವ ರೂಟರ್ ಕೂಡ ಅದೇ. ಫೋನನ್ನು ಅದರ ವೈಫೈಗೆ ಜೋಡಿಸಿ, ಮೊಬೈಲ್ ಡೇಟಾ ಆಫ್ ಮಾಡಿ, ಬ್ರೌಸರ್‌ನಲ್ಲಿ 192.168.1.1 ಎಂದು ಟೈಪ್ ಮಾಡಿ. ಬರದಿದ್ದರೆ 192.168.0.1 ನೋಡಿ. ಜಿಯೋ ಫೈಬರ್ ಆದರೆ ಸಾಮಾನ್ಯವಾಗಿ 192.168.29.1. ಅದೂ ಅಲ್ಲದಿದ್ದರೆ ಫೋನಿನ ವೈಫೈ ವಿವರದಲ್ಲಿ ‘ಗೇಟ್‌ವೇ’ ಅಥವಾ ‘ರೂಟರ್’ ಎಂದಿರುವ ಸಂಖ್ಯೆಯೇ ವಿಳಾಸ. ಲಾಗಿನ್ ಹೆಸರು, ಪಾಸ್‌ವರ್ಡ್ ಡಬ್ಬಿಯ ತಳದ ಚೀಟಿಯಲ್ಲಿರುತ್ತವೆ. ಚೀಟಿಯಲ್ಲಿದ್ದದ್ದು ನಡೆಯದಿದ್ದರೆ ಲೈನ್ ಹಾಕಿದವರು ಬದಲಿಸಿರುತ್ತಾರೆ, ಅವರನ್ನೇ ಕೇಳಿ.

ಏನನ್ನೂ ಮುಟ್ಟುವ ಮೊದಲು ಮಾಡಬೇಕಾದ ಕೆಲಸವೊಂದಿದೆ, ಇದನ್ನು ಬಿಟ್ಟವರೇ ಹೆಚ್ಚು ಒದ್ದಾಡುವುದು. ‘ವ್ಯಾನ್’ (ಹೊರಗಿನ ಇಂಟರ್ನೆಟ್ ಕಡೆ) ಎಂಬ ಪುಟಕ್ಕೆ ಹೋಗಿ, ಡಬ್ಬಿ ಕಂಪನಿಯ ಜಾಲಕ್ಕೆ ಲಾಗಿನ್ ಆಗಲು ಬಳಸುವ ಪಿಪಿಪಿಒಇ ಹೆಸರು ಮತ್ತು ಆ ಸಂಪರ್ಕದ ವಿಲ್ಯಾನ್ ಸಂಖ್ಯೆಯನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಪಿಪಿಪಿಒಇ ಪಾಸ್‌ವರ್ಡ್ ಪರದೆಯಲ್ಲಿ ಚುಕ್ಕಿಗಳಾಗಿ ಕಾಣುತ್ತದೆ, ಅದನ್ನು ಕಂಪನಿಯವರಿಂದ ಕೇಳಿ ಬರೆದಿಡಿ. ಇವಿಲ್ಲದೆ ಸೂಜಿಯಿಂದ ರೀಸೆಟ್ ಗುಂಡಿ ಒತ್ತಿದರೆ ವೈಫೈ ಬರುತ್ತದೆ, ಇಂಟರ್ನೆಟ್ ಬರುವುದಿಲ್ಲ. ಆಗುಂಬೆಯ ಆಚೆಯ ಮನೆಗೆ ಮಳೆಗಾಲದಲ್ಲಿ ಲೈನ್‌ಮನ್ ಬರುವುದು ಯಾವಾಗ ಎಂಬುದನ್ನು ಯಾರೂ ಹೇಳಲಾರರು.

ಈಗ ಬದಲಾವಣೆಗಳು. ಅಡ್ಮಿನ್ ಪಾಸ್‌ವರ್ಡ್ ಮೊದಲು. ಇದು ವೈಫೈ ಪಾಸ್‌ವರ್ಡ್ ಅಲ್ಲ, ಡಬ್ಬಿಯ ಒಳಪುಟದ್ದು. ಎರಡೂ ಒಂದೇ ಇಟ್ಟರೆ ವೈಫೈ ಬಳಸಿದ ಪ್ರತಿಯೊಬ್ಬರೂ ನಿಮ್ಮ ಡಬ್ಬಿಯ ಒಡೆಯರು. ‘ರಿಮೋಟ್ ಮ್ಯಾನೇಜ್‌ಮೆಂಟ್’ ಅಥವಾ ‘ವ್ಯಾನ್ ಕಡೆಯಿಂದ ಪ್ರವೇಶ’ ಎಂಬ ಆಯ್ಕೆ ಇದ್ದರೆ ಆಫ್ ಮಾಡಿ. ಟಿಆರ್-069 ಎಂಬುದನ್ನು ಮಾತ್ರ ಹಾಗೇ ಬಿಡಿ. ಕಂಪನಿಯವರು ದೂರದಿಂದಲೇ ಸರಿಪಡಿಸುವುದು, ಹೊಸ ಫರ್ಮ್‌ವೇರ್ (ಡಬ್ಬಿಯೊಳಗಿನ ತಂತ್ರಾಂಶ) ಕಳಿಸುವುದು ಅದರ ಮೂಲಕ. ಒಳಗಿನ ಉಪಕರಣಗಳು ಕೇಳದೆಯೇ ಹೊರಗಿನಿಂದ ದಾರಿ ತೆರೆಯಲು ಬಿಡುವ ಯುಪಿಎನ್‌ಪಿ ಆಫ್ ಮಾಡಿ, ಕೆಲವು ಆಟಗಳಿಗೆ ತೊಂದರೆಯಾಗಬಹುದು, ಆಗಲಿ. ಜಾಲತಾಣದ ಹೆಸರಿಗೆ ಅದರ ವಿಳಾಸ ಸಂಖ್ಯೆ ಹುಡುಕಿಕೊಡುವ ಡಿಎನ್‌ಎಸ್ ‘ಆಟೋ’ ಇದೆಯೇ ನೋಡಿ. ನೀವು ಹಾಕದ ಅಪರಿಚಿತ ಸಂಖ್ಯೆ ಅಲ್ಲಿ ಕಂಡರೆ ಯಾರೋ ಒಳಗೆ ಬಂದು ಹೋಗಿದ್ದಾರೆ ಎಂದೇ ತಿಳಿಯಬೇಕು. ಬ್ಯಾಂಕಿನ ಹೆಸರು ಟೈಪ್ ಮಾಡಿದವರನ್ನು ನಕಲಿ ಪುಟಕ್ಕೆ ತಿರುಗಿಸುವ ಹಳೆಯ ತಂತ್ರವದು.

ಎನ್‌ಕ್ರಿಪ್ಶನ್: ಯಾವುದು ಇರಬೇಕು, ಯಾವುದು ಹೋಗಬೇಕು

ಗಾಳಿಯಲ್ಲಿ ಹೋಗುವ ಮಾಹಿತಿಯನ್ನು ಬೇರೆಯವರು ಓದದಂತೆ ಗುಟ್ಟಾಗಿಸುವುದೇ ಎನ್‌ಕ್ರಿಪ್ಶನ್. ವೈಫೈ ‘ಸೆಕ್ಯುರಿಟಿ’ ಪುಟದಲ್ಲಿ ಅದರ ನಾಲ್ಕೈದು ಬಗೆಯ ಹೆಸರು ಕಾಣುತ್ತವೆ. 1997ರ ಡಬ್ಲ್ಯುಇಪಿಯನ್ನು 2001ರಲ್ಲೇ ಮುರಿದಾಗಿದೆ, ಇಂದು ಅದು ನಿಮಿಷಗಳ ಕೆಲಸ. 2003ರ ಡಬ್ಲ್ಯುಪಿಎ, ಅಂದರೆ ಟಿಕೆಐಪಿ, ತಾತ್ಕಾಲಿಕ ತೇಪೆಯಾಗಿ ಬಂದದ್ದು. ಹಳೆಯ ಉಪಕರಣ ನಡೆಯಲಿ ಎಂದು ಟಿಕೆಐಪಿ ಇಟ್ಟುಕೊಂಡರೆ ಭದ್ರತೆಯ ಜೊತೆ ವೇಗವೂ ಹೋಗುತ್ತದೆ, ಏಕೆಂದರೆ ಟಿಕೆಐಪಿಯಲ್ಲಿ 54 ಎಂಬಿಪಿಎಸ್ ದಾಟಲು ಮಾನದಂಡವೇ ಬಿಡುವುದಿಲ್ಲ. ‘ನೂರರ ಪ್ಲಾನ್ ಹಾಕಿಸಿದರೂ ಇಪ್ಪತ್ತೇ ಬರುತ್ತದೆ’ ಎಂಬ ದೂರಿದ್ದರೆ ಈ ಪುಟವನ್ನೂ ಒಮ್ಮೆ ನೋಡಿ.

ಕನಿಷ್ಠ ಇರಬೇಕಾದದ್ದು 2004ರ ಡಬ್ಲ್ಯುಪಿಎ2, ಅದರಲ್ಲೂ ಟಿಕೆಐಪಿಗಿಂತ ಗಟ್ಟಿಯಾದ ‘ಎಇಎಸ್’ ಎಂದಿರುವುದು. ‘ಟಿಕೆಐಪಿ+ಎಇಎಸ್’ ಬೇಡ. 2018ರಲ್ಲಿ ಬಂದ ಡಬ್ಲ್ಯುಪಿಎ3 ಇದ್ದರೆ ಇನ್ನೂ ಒಳ್ಳೆಯದು. ಆದರೆ ‘ಡಬ್ಲ್ಯುಪಿಎ3 ಮಾತ್ರ’ ಎಂದಿಟ್ಟರೆ ಹಳೆಯ ಫೋನು, ಟಿವಿ, ಪ್ರಿಂಟರ್ ಜೋಡಣೆಯಾಗದೆ ಉಳಿಯುತ್ತವೆ. ‘ಡಬ್ಲ್ಯುಪಿಎ2/ಡಬ್ಲ್ಯುಪಿಎ3’ ಮಿಶ್ರ ಆಯ್ಕೆ ಸಾಕು. ಜೊತೆಗೆ ‘ಪಿಎಂಎಫ್’ ಎಂದಿದ್ದರೆ ‘ಕೇಪಬಲ್’ ಎಂದಿಡಿ. ನಿಮ್ಮ ಫೋನಿಗೆ ‘ಹೊರಗೆ ಹೋಗು’ ಎಂದು ಸುಳ್ಳು ಸಂದೇಶ ಕಳಿಸಿ ಸಂಪರ್ಕ ಕಡಿಯುವ ದಾಳಿಯನ್ನು ತಡೆಯುವುದು ಅದೇ. ‘ರಿಕ್ವೈರ್ಡ್’ ಎಂದಿಟ್ಟರೆ ಮತ್ತೆ ಹಳೆಯವು ಕೈಕೊಡುತ್ತವೆ.

ಪಾಸ್‌ವರ್ಡ್ ಟೈಪ್ ಮಾಡದೆ ಗುಂಡಿ ಒತ್ತಿ ಅಥವಾ ಪಿನ್ ಹಾಕಿ ಜೋಡಿಸುವ ಡಬ್ಲ್ಯುಪಿಎಸ್ ಆಫ್. ಇದರಲ್ಲಿ ರಾಜಿ ಇಲ್ಲ. ಎಂಟು ಅಂಕಿಯ ಪಿನ್ ನೋಡಲು ಗಟ್ಟಿಯಾಗಿ ಕಾಣುತ್ತದೆ. ಆದರೆ ಕೊನೆಯ ಅಂಕಿ ಬರೀ ತಾಳೆ ನೋಡಲು, ಮತ್ತು ರೂಟರ್ ಮೊದಲ ನಾಲ್ಕನ್ನು ಬೇರೆಯಾಗಿ, ಉಳಿದ ಮೂರನ್ನು ಬೇರೆಯಾಗಿ ‘ಸರಿ’ ‘ತಪ್ಪು’ ಎಂದು ಹೇಳಿಬಿಡುತ್ತದೆ. ಹಾಗಾಗಿ ಕೋಟಿ ಸಲ ಊಹಿಸಬೇಕಾದ್ದು ಹತ್ತು ಸಾವಿರ ಮತ್ತು ಒಂದು ಸಾವಿರ ಸೇರಿ 11,000ಕ್ಕೆ ಇಳಿಯುತ್ತದೆ. 2011ರ ಕೊನೆಯಲ್ಲೇ ಇದು ಬಯಲಾಗಿದೆ. ಪಾಸ್‌ವರ್ಡ್ ಎಷ್ಟೇ ಉದ್ದವಿರಲಿ, ಈ ಹಿಂಬಾಗಿಲಿಂದ ಬಂದವರಿಗೆ ಅದು ಓದಲು ಸಿಗುತ್ತದೆ. ಆಫ್ ಮಾಡಿದ ಮೇಲೆ ಫೋನಿನಲ್ಲಿ ಯಾವುದಾದರೂ ವೈಫೈ ಅನಲೈಸರ್ ಆ್ಯಪ್ ಹಾಕಿ ನೋಡಿ. ನಿಮ್ಮ ಜಾಲದ ವಿವರದಲ್ಲಿ ಡಬ್ಲ್ಯುಪಿಎಸ್ ಇನ್ನೂ ಕಾಣುತ್ತಿದ್ದರೆ ಆಫ್ ಆಗಿಲ್ಲ.

ಎರಡು ಉಪಾಯಗಳ ಮೇಲೆ ಜನ ಸುಮ್ಮನೆ ಸಮಯ ಹಾಕುತ್ತಾರೆ. ಜಾಲದ ಹೆಸರು ಅಡಗಿಸಿಟ್ಟರೆ ನಿಮ್ಮದೇ ಫೋನುಗಳು ಹೋದಲ್ಲೆಲ್ಲ ಆ ಹೆಸರು ಕೂಗಿ ಹುಡುಕುತ್ತವೆ, ಅಡಗಿದ್ದು ಏನೂ ಇಲ್ಲ. ಪ್ರತಿ ಉಪಕರಣದ ಗುರುತಿನ ಸಂಖ್ಯೆಯಾದ ಮ್ಯಾಕ್ ವಿಳಾಸದ ಪಟ್ಟಿ ಮಾಡಿ ಉಳಿದವರನ್ನು ತಡೆಯುವುದೂ ಅಷ್ಟೆ. ಆ ವಿಳಾಸ ಗಾಳಿಯಲ್ಲಿ ತೆರೆದೇ ಹಾರಾಡುತ್ತದೆ, ಬೇಕಾದವರು ನಕಲು ಮಾಡಿಕೊಳ್ಳುತ್ತಾರೆ. ಮೇಲಾಗಿ ಈಚಿನ ಫೋನುಗಳು ಒಂದೊಂದು ಜಾಲಕ್ಕೆ ಒಂದೊಂದು ತಾತ್ಕಾಲಿಕ ಮ್ಯಾಕ್ ತೋರಿಸುವುದರಿಂದ ಮನೆಯವರೇ ಹೊರಗುಳಿಯುವುದು ಹೆಚ್ಚು.

ಮೊಬೈಲ್ ನಂಬರ್ ಪಾಸ್‌ವರ್ಡ್ ಅಲ್ಲ

ಲೈನ್ ಹಾಕುವವರು ಸಾಮಾನ್ಯವಾಗಿ ಯಜಮಾನರ ಮೊಬೈಲ್ ನಂಬರನ್ನೇ ಪಾಸ್‌ವರ್ಡ್ ಮಾಡಿ ಹೋಗುತ್ತಾರೆ. ಹತ್ತು ಅಂಕಿ, ಸಾಕಲ್ಲ ಎನಿಸುತ್ತದೆ. ಲೆಕ್ಕ ನೋಡಿ. ಡಬ್ಲ್ಯುಪಿಎ2ನಲ್ಲಿ ಫೋನು ಜೋಡಣೆಯಾಗುವ ಕ್ಷಣದ ನಾಲ್ಕು ಸಂದೇಶಗಳನ್ನು ರಸ್ತೆಯಲ್ಲಿ ನಿಂತು ಹಿಡಿದುಕೊಂಡರೆ ಸಾಕು, ಆಮೇಲೆ ಮನೆಗೆ ಹೋಗಿ ಆರಾಮವಾಗಿ ಊಹಿಸುತ್ತ ಕೂರಬಹುದು. ನಿಮ್ಮ ರೂಟರ್‌ಗೆ ಸುದ್ದಿಯೇ ಇರುವುದಿಲ್ಲ. ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಒಂದು ಸೆಕೆಂಡಿಗೆ ಹತ್ತು ಲಕ್ಷ ಊಹೆ ಮಾಡುತ್ತದೆ. ನಮ್ಮ ದೇಶದ ಮೊಬೈಲ್ ನಂಬರ್ 6, 7, 8, 9ರಿಂದಲೇ ಶುರುವಾಗುವುದರಿಂದ ಒಟ್ಟು ಸಾಧ್ಯತೆ 400 ಕೋಟಿ. ಭಾಗಿಸಿದರೆ 4,000 ಸೆಕೆಂಡ್, ಗಂಟೆಗಿಂತ ತುಸು ಹೆಚ್ಚು. ನಿಮ್ಮ ನಂಬರ್ ಗೊತ್ತಿರುವ ಊರಿನವರಿಗಂತೂ ಅಷ್ಟೂ ಬೇಡ.

ಡಬ್ಲ್ಯುಪಿಎ2 ಪಾಸ್‌ವರ್ಡ್ 8ರಿಂದ 63 ಅಕ್ಷರ ಇರಬಹುದು, ಇಂಗ್ಲಿಷ್ ಅಕ್ಷರಗಳಲ್ಲೇ ಇರಬೇಕು, ಕನ್ನಡ ಲಿಪಿ ನಡೆಯುವುದಿಲ್ಲ. ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವುದೇ ಒಳ್ಳೆಯ ದಾರಿ. ಒಂದು ನಿಘಂಟನ್ನು ಕಣ್ಣುಮುಚ್ಚಿ ಐದು ಕಡೆ ತೆರೆದು, ಬೆರಳಿಟ್ಟಲ್ಲಿ ಸಿಕ್ಕ ಸರಳ ಪದ ಆರಿಸಿ: ಹಂಡೆ, ನವಿಲು, ಬೀಗ, ಪಂಚೆ, ಕಣಜ ಎಂಬಂತೆ. ಇವೇ ಐದನ್ನು ಬಳಸಬೇಡಿ, ಇಲ್ಲಿ ಅಚ್ಚಾದ ಮೇಲೆ ಇವು ಯಾರ ಪಟ್ಟಿಗಾದರೂ ಸೇರಿರುತ್ತವೆ. ನಡುವೆ ಖಾಲಿ ಜಾಗದ ಬದಲು ಅಡ್ಡಗೆರೆ ಹಾಕಿ, ಕೆಲವು ಕ್ಯಾಮೆರಾ ಮತ್ತು ಪ್ರಿಂಟರ್‌ಗಳಿಗೆ ಖಾಲಿ ಜಾಗ ಅರ್ಥವಾಗುವುದಿಲ್ಲ. ಎರಡು ಸಾವಿರ ಪದಗಳಿಂದ ನಾಲ್ಕು ಆರಿಸಿದರೆ ಮೇಲಿನ ವೇಗದಲ್ಲಿ ಎಲ್ಲ ಸಾಧ್ಯತೆ ಮುಗಿಯಲು ಆರು ತಿಂಗಳು, ಐದು ಆರಿಸಿದರೆ ಸಾವಿರ ವರ್ಷ. ಒಂದೇ ಒಂದು ಪದದ ವ್ಯತ್ಯಾಸ. ಗಾದೆ, ವಚನದ ಸಾಲು, ಮನೆದೇವರ ಹೆಸರು ಬೇಡ. ಪದಗಳು ಒಂದಕ್ಕೊಂದು ಸಂಬಂಧವಿಲ್ಲದೆ ಇದ್ದಾಗ ಮಾತ್ರ ಈ ಲೆಕ್ಕ ನಿಲ್ಲುತ್ತದೆ.

ಜಾಲದ ಹೆಸರನ್ನೂ ಬದಲಿಸಿ. ಕಂಪನಿ ಇಟ್ಟ ಹೆಸರು ಡಬ್ಬಿ ಯಾವುದೆಂದು ಸಾರುತ್ತದೆ. ಮನೆತನದ ಹೆಸರು ಹಾಕಿದರೆ ಯಾರ ಮನೆಯದೆಂದು ಸಾರುತ್ತದೆ. ಸಂಬಂಧವಿಲ್ಲದ ಯಾವುದೋ ಹೆಸರಿರಲಿ.

ಬಂದವರ ಜಾಲ

ಹೆಚ್ಚಿನ ಓಎನ್‌ಟಿಗಳಲ್ಲಿ ‘ಎಸ್‌ಎಸ್‌ಐಡಿ 2’ (ಎಸ್‌ಎಸ್‌ಐಡಿ ಎಂದರೆ ಜಾಲದ ಹೆಸರು) ಅಥವಾ ‘ಗೆಸ್ಟ್’ ಎಂಬ ಎರಡನೆಯ ಜಾಲ ಇರುತ್ತದೆ. ಅದನ್ನು ಆನ್ ಮಾಡಿ, ಎಇಎಸ್ ಇಟ್ಟು, ಟೈಪ್ ಮಾಡಲು ಸುಲಭವಾದ ಬೇರೆ ಪಾಸ್‌ವರ್ಡ್ ಕೊಟ್ಟು, ‘ಎಪಿ ಐಸೊಲೇಶನ್’ ಎಂಬುದನ್ನು ಟಿಕ್ ಮಾಡಿ. ಇದರಿಂದ ಬಂದವರ ಫೋನುಗಳು ಪರಸ್ಪರ ಕಾಣುವುದಿಲ್ಲ.

ಇಲ್ಲಿಗೆ ಮುಗಿಯಿತು ಎಂದುಕೊಳ್ಳಬೇಡಿ, ಪರೀಕ್ಷಿಸಿ. ಫೋನನ್ನು ಗೆಸ್ಟ್ ಜಾಲಕ್ಕೆ ಹಾಕಿ 192.168.1.1 ತೆರೆಯಿರಿ. ಲಾಗಿನ್ ಪುಟ ಬಂತೇ? ಕ್ಯಾಮೆರಾದ ವಿಳಾಸ ತೆರೆಯಿರಿ. ಅದೂ ಬಂತೇ? ಅಗ್ಗದ ಓಎನ್‌ಟಿಗಳಲ್ಲಿ ಬಹಳ ಸಲ ಬರುತ್ತದೆ. ಅಲ್ಲಿ ಎರಡನೆಯ ಹೆಸರು ಎಂದರೆ ಎರಡನೆಯ ಬಾಗಿಲಷ್ಟೇ, ಒಳಗೆ ಗೋಡೆ ಇರುವುದಿಲ್ಲ.

ಹಾಗಿದ್ದಾಗ ಇನ್ನೊಂದು ರೂಟರ್ ಬೇಕು. ಇದನ್ನು ಜೋಡಿಸುವಲ್ಲಿ ಹತ್ತರಲ್ಲಿ ಎಂಟು ಮನೆಗಳಲ್ಲಿ ತಿರುಗುಮುರುಗಾಗುತ್ತದೆ ಎಂದರೂ ಆಶ್ಚರ್ಯವಿಲ್ಲ. ಹೊಸ ರೂಟರನ್ನು ಬಂದವರಿಗೆ ಕೊಟ್ಟು ಮನೆಯವರು ಓಎನ್‌ಟಿಯಲ್ಲೇ ಉಳಿಯುವುದು ಸಹಜ ಎನಿಸುತ್ತದೆ, ಆದರೆ ಅದು ತಪ್ಪು. ಹೊಸ ರೂಟರ್‌ನ ಹಿಂದೆ, ಅಂದರೆ ಅದಕ್ಕೇ ಜೋಡಿಸಿಕೊಂಡು ಇರುವವರು ಮುಂದಿನ, ಅಂದರೆ ಓಎನ್‌ಟಿಯ ಜಾಲಕ್ಕೆ ಹೋಗಬಲ್ಲರು, ಮುಂದಿನವರು ಹಿಂದಕ್ಕೆ ಬರಲಾರರು. ಆದ್ದರಿಂದ ಮನೆಯವರು ಹೊಸ ರೂಟರ್‌ನ ಹಿಂದಕ್ಕೆ ಹೋಗಬೇಕು, ಬಂದವರು ಓಎನ್‌ಟಿಯ ವೈಫೈ ಬಳಸಬೇಕು. ಓಎನ್‌ಟಿಯ ‘ಲ್ಯಾನ್’ (ಮನೆಯೊಳಗಿನ ಜಾಲದ) ತೂತಿನಿಂದ ಒಂದು ಕೇಬಲ್ ತಂದು ಹೊಸ ರೂಟರ್‌ನ ‘ವ್ಯಾನ್’ ತೂತಿಗೇ ಹಾಕಿ. ಲ್ಯಾನ್ ತೂತಿಗೆ ಹಾಕಿದರೆ ಎರಡೂ ಒಂದೇ ಜಾಲವಾಗಿ ಎಲ್ಲ ಶ್ರಮ ವ್ಯರ್ಥ. ಓಎನ್‌ಟಿ 192.168.1 ಸಾಲಿನಲ್ಲಿದ್ದರೆ ಹೊಸದನ್ನು 192.168.50 ಸಾಲಿಗೆ ಬದಲಿಸಿ. ಎರಡೂ ಒಂದೇ ಸಾಲಿನಲ್ಲಿದ್ದರೆ ಜೋಡಣೆಯಾದಂತೆ ಕಾಣುತ್ತದೆ, ಪುಟಗಳು ತೆರೆಯುವುದಿಲ್ಲ. ಹೊಸ ರೂಟರ್‌ನ ವೈಫೈ ಚಾನೆಲ್ ಕೂಡ ಬೇರೆ ಇರಲಿ: 2.4 ಗಿಗಾಹರ್ಟ್ಸ್‌ನಲ್ಲಿ ಒಂದಕ್ಕೆ 1, ಇನ್ನೊಂದಕ್ಕೆ 11.

ಹೋಂಸ್ಟೇ ನಡೆಸುವವರು ಬಂದವರ ಜಾಲದ ಕ್ಯೂಆರ್ ಕೋಡನ್ನು ಮುದ್ರಿಸಿ ಕೋಣೆಯಲ್ಲಿಡಿ, ವಾರಾಂತ್ಯದ ಜನ ಹೋದ ಮೇಲೆ ಸೋಮವಾರ ಪಾಸ್‌ವರ್ಡ್ ಬದಲಿಸಿ. ಮನೆಯ ಜಾಲದ್ದನ್ನು ಮುಟ್ಟಬೇಕಿಲ್ಲ. ಬಿಲ್ಲಿಂಗ್ ಕಂಪ್ಯೂಟರ್, ಬುಕಿಂಗ್ ಫೋನ್ ಮನೆಯ ಜಾಲದಲ್ಲೇ ಇರಲಿ. ಓಎನ್‌ಟಿಯನ್ನು ಜಗಲಿಯಲ್ಲಿ ಕೈಗೆಟುಕುವಂತೆ ನೇತುಹಾಕಬೇಡಿ, ಸೂಜಿ ಇದ್ದವರೆಲ್ಲ ರೀಸೆಟ್ ಮಾಡಬಲ್ಲರು.

ಅಡಿಕೆ ಅಂಗಳದ ಕ್ಯಾಮೆರಾ

ಕೊಯ್ಲಿನ ಸಮಯದಲ್ಲಿ ಒಣಹಾಕಿದ ಅಡಿಕೆ ಕಾಯಲು ಕ್ಯಾಮೆರಾ ಹಾಕುವವರು ಹೆಚ್ಚಿದ್ದಾರೆ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಜಗತ್ತಿನ ಲಕ್ಷಾಂತರ ಕ್ಯಾಮೆರಾ, ಡಿವಿಆರ್‌ಗಳನ್ನು ಹಿಡಿದದ್ದು ಯಾವ ಜಾಣತನದಿಂದಲೂ ಅಲ್ಲ, ಕಾರ್ಖಾನೆಯವರು ಇಟ್ಟ ಪಾಸ್‌ವರ್ಡುಗಳ ಒಂದು ಪುಟ್ಟ ಪಟ್ಟಿಯಿಂದ. ಕ್ಯಾಮೆರಾ ಹಾಕಿದವರು ಹೋಗುವ ಮೊದಲೇ ಅದರ ಪಾಸ್‌ವರ್ಡನ್ನು ನಿಮ್ಮ ಕೈಯಾರೆ ಬದಲಿಸಿ. ದೂರದಿಂದ ನೋಡಲೆಂದು ಅವರು ರೂಟರ್‌ನಲ್ಲಿ ‘ಪೋರ್ಟ್ ಫಾರ್ವರ್ಡ್’ ಮಾಡಿ ಇಂಟರ್ನೆಟ್ಟಿನಿಂದ ಕ್ಯಾಮೆರಾಕ್ಕೆ ನೇರ ದಾರಿ ತೆರೆದಿದ್ದರೆ ತೆಗೆಯಿರಿ, ತಯಾರಕರ ಆ್ಯಪ್ ಮೂಲಕ ನೋಡಿದರೆ ಅದರ ಅಗತ್ಯ ಬರುವುದಿಲ್ಲ.

ವೈಫೈ ಕ್ಯಾಮೆರಾಕ್ಕೆ ಇನ್ನೊಂದು ಕುಂದಿದೆ. ಮೇಲೆ ಹೇಳಿದ ಸುಳ್ಳು ಸಂದೇಶದಿಂದ, ಅಥವಾ ಸುಮ್ಮನೆ ಮನೆಯ ಮೀಟರ್ ಆಫ್ ಮಾಡಿ, ಅದನ್ನು ಕುರುಡಾಗಿಸಬಹುದು. ಒಳಗೆ ಮೆಮೊರಿ ಕಾರ್ಡ್ ಹಾಕಿದ್ದರೆ ಜಾಲ ಕಡಿದರೂ ದೃಶ್ಯ ಉಳಿಯುತ್ತದೆ, ರೂಟರಿಗೂ ಕ್ಯಾಮೆರಾಗೂ 12 ವೋಲ್ಟ್ ಮಿನಿ ಯುಪಿಎಸ್ ಇದ್ದರೆ ಕರೆಂಟ್ ಹೋದರೂ ನಡೆಯುತ್ತದೆ. ಮುಖ್ಯ ಜಾಗಕ್ಕೆ ಕೇಬಲ್ ಕ್ಯಾಮೆರಾವೇ ಸೈ. ಹೊಸ ವೈಫೈ ಕ್ಯಾಮೆರಾ ಜೋಡಣೆಯಾಗಲು ಹಠ ಮಾಡಿದರೆ ಕಾರಣ ಬಹುತೇಕ ಒಂದೇ: ಅದಕ್ಕೆ 2.4 ಗಿಗಾಹರ್ಟ್ಸ್ ಮಾತ್ರ ಗೊತ್ತು, ನಿಮ್ಮ ಫೋನು 5ರಲ್ಲಿದೆ. ರೂಟರ್‌ನಲ್ಲಿ 5 ಗಿಗಾಹರ್ಟ್ಸ್ ಹತ್ತು ನಿಮಿಷ ಆಫ್ ಮಾಡಿ ಜೋಡಿಸಿ, ಮತ್ತೆ ಆನ್ ಮಾಡಿ. ಇದಕ್ಕಾಗಿ ಎನ್‌ಕ್ರಿಪ್ಶನ್ ತೆಗೆಯುವ ಅಗತ್ಯವಿಲ್ಲ, ಹಾಗೆ ಮಾಡಿ ಮರೆತುಬಿಟ್ಟ ಜಾಲಗಳೇ ತೆರೆದು ಬಿದ್ದಿರುತ್ತವೆ.

ತೋಟ ದಾಟಿ ಇನ್ನೊಂದು ಮನೆಗೆ

ಜಂಬಿಟ್ಟಿಗೆಯ ದಪ್ಪ ಗೋಡೆ ಸಿಗ್ನಲ್ ತಿನ್ನುತ್ತದೆ, ನೆನೆದ ಅಡಿಕೆ ಸೋಗೆ ಇನ್ನೂ ಹೆಚ್ಚು ತಿನ್ನುತ್ತದೆ. ಹಾಗಾಗಿ ವೈಫೈಯನ್ನು ಇನ್ನಷ್ಟು ದೂರ ಮುಟ್ಟಿಸುವ ಎಕ್ಸ್‌ಟೆಂಡರ್ ತರುತ್ತಾರೆ. ಅಗ್ಗದ ಎಕ್ಸ್‌ಟೆಂಡರ್ ಮೊದಲ ಸಲ ಆನ್ ಆದಾಗ ಪಾಸ್‌ವರ್ಡಿಲ್ಲದ ತನ್ನದೇ ಜಾಲ ತೆರೆಯುತ್ತದೆ. ಜೋಡಣೆ ಮುಗಿದ ಮೇಲೆ ಆ ಹೆಸರು ಮಾಯವಾಯಿತೇ, ಅದರ ಅಡ್ಮಿನ್ ಪಾಸ್‌ವರ್ಡ್ ಬದಲಾಯಿತೇ ನೋಡಿ. ರೂಟರನ್ನು ಕೋಟೆ ಮಾಡಿ ಎಕ್ಸ್‌ಟೆಂಡರನ್ನು ತೆರೆದಿಟ್ಟರೆ ಪ್ರಯೋಜನವಿಲ್ಲ.

ಅಣ್ಣತಮ್ಮಂದಿರ ಎರಡು ಮನೆಗಳ ನಡುವೆ ತೋಟವಿದ್ದರೆ ತಾಮ್ರದ ಲ್ಯಾನ್ ಕೇಬಲ್ ಎಳೆಯಬೇಡಿ. 100 ಮೀಟರ್ ದಾಟಿದರೆ ಅದು ಕೆಲಸ ಮಾಡದು, ದಾಟದಿದ್ದರೂ ಸಿಡಿಲಿನ ಹೊಡೆತವನ್ನು ಎರಡೂ ಮನೆಗೆ ಹಂಚುತ್ತದೆ. ಫೈಬರ್ ಎಳೆ ಮತ್ತು ಎರಡು ತುದಿಗೆ ಫೈಬರನ್ನು ಲ್ಯಾನ್ ಕೇಬಲ್ಲಿಗೆ ಸೇರಿಸುವ ಮೀಡಿಯಾ ಕನ್ವರ್ಟರ್ ಉತ್ತಮ. ಎದುರುಬದುರು ನೋಟವಿದ್ದರೆ 5 ಗಿಗಾಹರ್ಟ್ಸ್‌ನ ಹೊರಾಂಗಣ ಆಂಟೆನಾ ಜೋಡಿಯೂ ಆಗುತ್ತದೆ. ಆ ಜೋಡಿಯ ನಡುವೆ ಡಬ್ಲ್ಯುಪಿಎ2 ಎಇಎಸ್ ಇರಲಿ, ಪಾಸ್‌ವರ್ಡ್ ಯಾವ ಫೋನಿಗೂ ಎಂದೂ ಹಾಕದ ಉದ್ದನೆಯದಾಗಿರಲಿ. ಅದು ಎರಡು ಯಂತ್ರಗಳು ಮಾತ್ರ ತಿಳಿದಿರಬೇಕಾದ ಗುಟ್ಟು.

ಸಿಡಿಲು ಬಡಿದ ಮರುದಿನ

ಏಪ್ರಿಲ್–ಮೇ ತಿಂಗಳ ಗುಡುಗು ಮಳೆಗೆ ಸುಡುವ ರೂಟರ್‌ಗಳ ಲೆಕ್ಕವಿಲ್ಲ. ಗಾಜಿನ ಫೈಬರ್ ವಿದ್ಯುತ್ ಹರಿಸುವುದಿಲ್ಲ. ಹೊಡೆತ ಬರುವುದು ಕರೆಂಟ್ ಲೈನಿನಿಂದ, ಅಂಗಳಕ್ಕೆ ಎಳೆದ ಕ್ಯಾಮೆರಾ ಕೇಬಲ್ಲಿನಿಂದ. ಮೋಡ ಕಟ್ಟಿದಾಗ ಅಡಾಪ್ಟರ್ ಮತ್ತು ಆ ಕೇಬಲ್ ಎರಡನ್ನೂ ಕಿತ್ತಿಡಿ. ಭದ್ರತೆಯ ಲೆಕ್ಕದಲ್ಲಿ ಮುಖ್ಯವಾದದ್ದು ಆಮೇಲಿನದು. ಹೊಸ ಡಬ್ಬಿ ಬಂದಾಗ ಅದು ಕಾರ್ಖಾನೆಯ ಸ್ಥಿತಿಯಲ್ಲೇ ಇರುತ್ತದೆ: ಡಬ್ಲ್ಯುಪಿಎಸ್ ಆನ್, ಅಡ್ಮಿನ್ ಪಾಸ್‌ವರ್ಡ್ ಚೀಟಿಯದೇ, ವೈಫೈಗೆ ಮತ್ತೆ ಮೊಬೈಲ್ ನಂಬರ್. ವರ್ಷದ ಹಿಂದೆ ಮಾಡಿದ್ದೆಲ್ಲ ಒಂದು ಸಂಜೆಯಲ್ಲಿ ಅಳಿಸಿ ಹೋಗಿರುತ್ತದೆ, ಮನೆಯವರಿಗೆ ತಿಳಿದಿರುವುದಿಲ್ಲ.

ನೋಟ್‌ಬುಕ್ಕಿನ ಕೆಲಸ ಈಗ. ಹಿಂದಿನ ಜಾಲದ ಹೆಸರು, ಪಾಸ್‌ವರ್ಡ್, ಎನ್‌ಕ್ರಿಪ್ಶನ್ ಮೂರನ್ನೂ ಅಕ್ಷರಶಃ ಹಾಗೆಯೇ ಹಾಕಿದರೆ ಟಿವಿ, ಕ್ಯಾಮೆರಾ, ಫೋನುಗಳೆಲ್ಲ ತಾವಾಗಿ ಮತ್ತೆ ಸೇರುತ್ತವೆ. ಒಂದಕ್ಷರ ದೊಡ್ಡದು ಚಿಕ್ಕದಾದರೂ ಸೇರುವುದಿಲ್ಲ. ಆಮೇಲೆ ಅಡ್ಮಿನ್, ಡಬ್ಲ್ಯುಪಿಎಸ್, ಯುಪಿಎನ್‌ಪಿ, ಗೆಸ್ಟ್ ಪರೀಕ್ಷೆ ಈ ಕ್ರಮದಲ್ಲಿ ಮಾಡಿ. ನೋಟ್‌ಬುಕ್ಕಿನ ಫೋಟೋ ತೆಗೆದು ಕುಟುಂಬದ ವಾಟ್ಸ್ಆ್ಯಪ್ ಗುಂಪಿಗೆ ಹಾಕಬೇಡಿ. ಹಳೆಯ ಡಬ್ಬಿ ಇನ್ನೂ ಆನ್ ಆಗುವಂತಿದ್ದರೆ ಲೈನ್‌ಮನ್ ಕೈಗೆ ಕೊಡುವ ಮೊದಲು ರೀಸೆಟ್ ಮಾಡಿ, ಅದರಲ್ಲಿ ನಿಮ್ಮ ಪಾಸ್‌ವರ್ಡುಗಳಿವೆ.

ಅನುಮಾನ ಬಂದರೆ

ಒಳಪುಟದಲ್ಲಿ ‘ಕನೆಕ್ಟೆಡ್ ಡಿವೈಸಸ್’ ಪಟ್ಟಿ ಇರುತ್ತದೆ. ಗೊತ್ತಿಲ್ಲದ ಹೆಸರು ಕಂಡ ಕೂಡಲೇ ಗಾಬರಿ ಬೇಡ, ತಾತ್ಕಾಲಿಕ ಮ್ಯಾಕ್ ಕಾರಣ ಮನೆಯ ಫೋನೇ ಅಪರಿಚಿತವಾಗಿ ಕಾಣಬಹುದು. ಎಲ್ಲರ ಫೋನಿನ ವೈಫೈ ಆಫ್ ಮಾಡಿ ಪಟ್ಟಿ ಮತ್ತೆ ನೋಡಿ, ಉಳಿದದ್ದು ಯಾವುದೆಂದು ಒಂದೊಂದಾಗಿ ಗುರುತಿಸಿ. ಟಿವಿ, ಸೆಟ್‌ಟಾಪ್ ಬಾಕ್ಸ್ ತೆಗೆದ ಮೇಲೂ ಒಂದು ಉಳಿದರೆ ಮನೆಯ ಜಾಲದ ಪಾಸ್‌ವರ್ಡ್ ಮತ್ತು ಅಡ್ಮಿನ್ ಪಾಸ್‌ವರ್ಡ್ ಎರಡನ್ನೂ ಬದಲಿಸಿ. ಡಿಎನ್‌ಎಸ್ ಕೂಡ ಬದಲಾಗಿದ್ದರೆ ಬರೀ ಪಾಸ್‌ವರ್ಡ್ ಸಾಲದು. ಪಟ್ಟಿಯ ಫೋಟೋ, ಲಾಗ್ ಪುಟದ ಫೋಟೋ ದಿನಾಂಕ ಸಹಿತ ತೆಗೆದುಕೊಂಡು, ಆಮೇಲೆ ರೀಸೆಟ್ ಮಾಡಿ ಮೊದಲಿನಿಂದ ಹೊಂದಿಸಿ. ಫೋಟೋ ಮೊದಲು, ರೀಸೆಟ್ ನಂತರ. ರೀಸೆಟ್ ಲಾಗನ್ನೂ ಅಳಿಸುತ್ತದೆ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಮೊದಲ ಕೆಲವು ಗಂಟೆಗಳಲ್ಲಿ ತಿಳಿಸಿದರೆ ಖಾತೆಯಿಂದ ಖಾತೆಗೆ ಹೋಗುತ್ತಿರುವ ಹಣವನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು.